ಓಟ್ಸ್ ಗಂಜಿಗೆ ಹಣ್ಣು ಯಾವಾಗ ಹಾಕಬೇಕು?

ಆಗಸ್ಟ್ ತಿಂಗಳು. ಮಳೆ ಇನ್ನೂ ಬಿಟ್ಟಿರಲಿಲ್ಲ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಬಿಸಿಬಿಸಿಯಾಗಿ ಏನಾದರೂ ಹೊಟ್ಟೆಗೆ ಬೀಳದಿದ್ದರೆ ಯಾರೂ ತೋಟದ ಕಡೆ ಹೆಜ್ಜೆ ಹಾಕುವುದಿಲ್ಲ. ಅವತ್ತು ನಾನು ಹಾಲಿನಲ್ಲಿ ಓಟ್ಸ್ ಬೇಯಿಸುತ್ತಿದ್ದೆ. ಬೇಲಿಯ ಬಳ್ಳಿಯಿಂದ ಕಿತ್ತ ನಾಲ್ಕು ಪ್ಯಾಷನ್ ಫ್ರೂಟ್ ಬುಟ್ಟಿಯಲ್ಲಿದ್ದವು. ಕೊಯ್ದು, ತಿರುಳನ್ನೆಲ್ಲ ಕುದಿಯುವ ಪಾತ್ರೆಗೇ ಸುರಿದೆ. ಒಂದು ನಿಮಿಷ ಆಗಿರಲಿಕ್ಕಿಲ್ಲ, ಹಾಲು ಒಡೆಯಿತು. ಮೇಲೆ ತಿಳಿ ನೀರು, ಕೆಳಗೆ ಗಂಟು ಗಂಟು.

ಅತ್ತೆ ಪಾತ್ರೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ಬೆಲ್ಲದ ಪಾಯಸಕ್ಕೆ ಹಾಲು ಯಾವಾಗ ಹಾಕ್ತೀಯಮ್ಮಾ?"

"ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ, ಅತ್ತೆ."

"ಇದಕ್ಕೂ ಹಾಗೇ ಅಲ್ವಾ?"

ಹಾಗೇ. ಓಟ್ಸ್ ಅವರಿಗೆ ಹೊಸದು, ಆದರೆ ಲೆಕ್ಕ ಹಳೆಯದು. ಓಟ್ಸ್‌ಗೆ ಯಾವ ಹಣ್ಣು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಹೆಚ್ಚುಕಮ್ಮಿ ಎಲ್ಲ ಹಣ್ಣೂ ಒಳ್ಳೆಯದೇ. ಕೇಳಬೇಕಾದದ್ದು ಅದನ್ನು ಯಾವಾಗ ಹಾಕಬೇಕು ಅಂತ. ಓಟ್ಸ್ ಜೊತೆಗೇ ಬೇಯಿಸಬೇಕಾ, ಒಲೆ ಆರಿಸಿದ ಮೇಲೆ ಬೆರೆಸಬೇಕಾ, ಬಟ್ಟಲಿಗೆ ಬಡಿಸಿದ ಮೇಲೆ ಮೇಲಿಂದ ಇಡಬೇಕಾ? ಹಣ್ಣಿನ ಒಳಗೆ ಏನಿದೆ ಎಂದು ಗೊತ್ತಾದರೆ ಇದಕ್ಕೆ ಉತ್ತರ ತಾನಾಗಿ ಸಿಗುತ್ತದೆ.

ಮೊದಲು ಪಾತ್ರೆಯೊಳಗಿನ ಓಟ್ಸ್ ವಿಷಯ. ಅಂಗಡಿಯಲ್ಲಿ ಸಿಗುವ ಚಪ್ಪಟೆ ಓಟ್ಸ್ ಹಸಿ ಕಾಳಲ್ಲ. ಕಾಳನ್ನು ಹಬೆಯಲ್ಲಿ ಬೇಯಿಸಿ, ಆಮೇಲೆ ಉರುಳೆಗಳ ನಡುವೆ ಒತ್ತಿ ಚಪ್ಪಟೆ ಮಾಡಿರುತ್ತಾರೆ. ಅವಲಕ್ಕಿ ನೆನಪಿಸಿಕೊಳ್ಳಿ, ಹತ್ತಿರದ ನೆಂಟನೇ. ಓಟ್ಸ್‌ನಲ್ಲಿ ಬೇರೆ ಧಾನ್ಯಗಳಿಗಿಂತ ಕೊಬ್ಬಿನ ಅಂಶ ಜಾಸ್ತಿ. ಆ ಕೊಬ್ಬನ್ನು ಒಡೆದು ಕಹಿ ಮಾಡುವ ಒಂದು ಕಿಣ್ವವೂ ಕಾಳಿನಲ್ಲೇ ಇರುತ್ತದೆ. ಹಬೆ ಕೊಡುವುದು ಅದನ್ನು ಸುಮ್ಮನಾಗಿಸುವುದಕ್ಕೆ. ಅಷ್ಟು ಮಾಡಿದರೂ ನಮ್ಮ ಮಳೆಗಾಲದ ತೇವಕ್ಕೆ ಪ್ಯಾಕೆಟ್ ಬಾಯಿ ತೆರೆದಿಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಬಿಗಿ ಮುಚ್ಚಳದ ಡಬ್ಬಿ ಬೇಕೇ ಬೇಕು.

ಬಿಸಿ ನೀರಿನಲ್ಲಿ ಓಟ್ಸ್ ಎರಡು ರೀತಿಯಲ್ಲಿ ಗಟ್ಟಿಯಾಗುತ್ತದೆ. ಒಂದು ಪಿಷ್ಟದಿಂದ. 60 ಡಿಗ್ರಿ ಆಸುಪಾಸಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಅಕ್ಕಿ ಗಂಜಿಯಲ್ಲಿ ಆಗುವ ಹಾಗೆಯೇ. ಇನ್ನೊಂದು ಬೀಟಾ ಗ್ಲೂಕಾನ್ ಎಂಬ ನಾರಿನಿಂದ. ಈ ನಾರು ನೀರಿನಲ್ಲಿ ಕರಗಿ ಲೋಳೆಯಾಗುತ್ತದೆ. ಓಟ್ಸ್‌ಗೆ ಇಷ್ಟು ಹೆಸರು ಬಂದದ್ದು ಈ ಲೋಳೆಯಿಂದಲೇ. ಹೊಟ್ಟೆಯಲ್ಲೂ ಅದು ಲೋಳೆಯಾಗಿಯೇ ಇರುವುದರಿಂದ ಊಟ ನಿಧಾನವಾಗಿ ಮುಂದೆ ಸಾಗುತ್ತದೆ, ಸಕ್ಕರೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಕರುಳಿನಲ್ಲಿ ಪಿತ್ತರಸದ ಸ್ವಲ್ಪ ಭಾಗವನ್ನೂ ಹಿಡಿದು ಹೊರಗೆ ಒಯ್ಯುತ್ತದೆ. ಹೋದ ಪಿತ್ತವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲ್ ಬಳಸಿಕೊಳ್ಳುತ್ತದೆ. ಹೀಗೆ ಕೊಲೆಸ್ಟರಾಲ್ ಸ್ವಲ್ಪ ಇಳಿಯುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಓಟ್ಸ್ ಪ್ಯಾಕೆಟ್ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಒಪ್ಪಿಗೆ ಕೊಟ್ಟಿತು. ಅದಕ್ಕೆ ಹಾಕಿದ ಲೆಕ್ಕ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್. ನಾವು ಬೆಳಿಗ್ಗೆ ಒಬ್ಬರಿಗೆ ಹಾಕುವ 40 ಗ್ರಾಂ ಓಟ್ಸ್‌ನಲ್ಲಿ ಸುಮಾರು 1.6 ಗ್ರಾಂ ಇರುತ್ತದೆ. ಅಂದರೆ ಒಂದು ಬಟ್ಟಲು ತಿಂದರೆ ಅರ್ಧ ದಾರಿ ದಾಟಿದ ಹಾಗೆ.

ಮಡಿಕೇರಿಯವರು ಒಮ್ಮೊಮ್ಮೆ ಕೇಳುತ್ತಾರೆ, ಎತ್ತರದ ಊರಿನಲ್ಲಿ ಓಟ್ಸ್ ಸರಿಯಾಗಿ ಬೇಯುತ್ತದಾ ಅಂತ. ಸಮುದ್ರ ಮಟ್ಟದಿಂದ 1,100 ಮೀಟರ್‌ಗಿಂತ ಮೇಲಿನ ಆ ಊರಿನಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಪಿಷ್ಟ ಉಬ್ಬಲು ಅಷ್ಟು ಬಿಸಿ ಧಾರಾಳ ಸಾಕು.

ಈಗ ಹಾಲಿಗೆ ಬರುತ್ತೇನೆ. ಜನ ಜಾಸ್ತಿ ಎಡವುವುದು ಇಲ್ಲೇ.

ಹಾಲಿನ ಮುಖ್ಯ ಪ್ರೋಟೀನ್ ಕೇಸಿನ್. ಅದು ಬಹಳ ಸಣ್ಣ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಎಲ್ಲ ಉಂಡೆಗಳ ಮೈಮೇಲೂ ಒಂದೇ ಬಗೆಯ ವಿದ್ಯುತ್ ಅಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಹಾಗಾಗಿ ಹಾಲು ಹಾಲಾಗಿಯೇ ಉಳಿಯುತ್ತದೆ. ಹುಳಿ ಸೇರಿದಾಗ ಆ ತಳ್ಳುವ ಶಕ್ತಿ ಕಡಿಮೆಯಾಗುತ್ತದೆ, ಉಂಡೆಗಳು ಒಂದಕ್ಕೊಂದು ಅಂಟುತ್ತವೆ. ಹಾಲಿನ ಪಿಎಚ್ ಸುಮಾರು 6.6. ಹುಳಿ ಹೆಚ್ಚಿದಷ್ಟೂ ಈ ಅಂಕಿ ಇಳಿಯುತ್ತದೆ. ಕೋಣೆಯ ಬಿಸಿಯಲ್ಲಿ ಕೇಸಿನ್ ಪೂರ್ತಿ ಬೇರೆಯಾಗಬೇಕಾದರೆ ಅದು 4.6ರ ಹತ್ತಿರ ಬರಬೇಕು. ಹಾಲು ಕುದಿಯುತ್ತಿದ್ದರೆ ಅಷ್ಟು ಹುಳಿ ಬೇಕಾಗಿಲ್ಲ. ಬಿಸಿಗೆ ಉಂಡೆಗಳು ಜೋರಾಗಿ ಓಡಾಡಿ ಡಿಕ್ಕಿ ಹೊಡೆಯುತ್ತವೆ, ಸ್ವಲ್ಪ ಹುಳಿಗೇ ಗಂಟು ಕಟ್ಟುತ್ತವೆ. ಬೆಲ್ಲದಲ್ಲೂ ಸ್ವಲ್ಪ ಹುಳಿ ಇದೆ, ಜೊತೆಗೆ ಖನಿಜಗಳಿವೆ. ಪಾಯಸ ಕುದಿಯುವಾಗ ಹಾಲು ಹಾಕಬಾರದು ಎಂದು ನಮ್ಮ ಮನೆಗಳಲ್ಲಿ ಹೇಳುವುದು ಇದಕ್ಕೇ. ಪ್ಯಾಷನ್ ಫ್ರೂಟ್ ಬೆಲ್ಲಕ್ಕಿಂತ ಎಷ್ಟೋ ಪಾಲು ಹುಳಿ. ಅದರ ಪಿಎಚ್ 3ರ ಹತ್ತಿರ. ಕುದಿಯುವ ಹಾಲು ಅದನ್ನು ತಡೆದುಕೊಳ್ಳುವ ಮಾತೇ ಇಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಓಟ್ಸ್ ಬೇಯುವುದು ನೀರಿನಲ್ಲಿ. ಅರ್ಧ ಕಪ್ ಓಟ್ಸ್‌ಗೆ ಒಂದು ಕಪ್ ನೀರು, ಚಿಟಿಕೆ ಉಪ್ಪು, ಸಣ್ಣ ಉರಿ, ಐದು ನಿಮಿಷ. ಉಪ್ಪು ಮರೆಯಬೇಡಿ, ಹಣ್ಣಿನ ಸಿಹಿ ಎದ್ದು ಕಾಣುವುದು ಅದರಿಂದಲೇ. ಒಲೆ ಆರಿಸಿ ಎರಡು ನಿಮಿಷ ಬಿಟ್ಟು, ಕಾಯಿಸಿ ಆರಿಸಿದ ಹಾಲು ಬೆರೆಸಿಕೊಳ್ಳುತ್ತೇವೆ. ಹುಳಿ ಹಣ್ಣಿದ್ದರೆ ಅದನ್ನು ಬಟ್ಟಲಿನಲ್ಲಿ ಮೇಲಿಂದ ಇಡುತ್ತೇವೆ. ಕಲಸದೆ ಚಮಚಕ್ಕೆ ಸ್ವಲ್ಪ ಸ್ವಲ್ಪ ಬರುವ ಹಾಗೆ ತಿಂದರೆ ಇನ್ನೂ ರುಚಿ. ಒಡೆದ ಹಾಲು ಕೆಟ್ಟ ಹಾಲಲ್ಲ, ಅದೂ ಪನೀರ್ ಥರವೇ. ತಿನ್ನಬಹುದು. ಆದರೆ ಬೆಳಿಗ್ಗೆ ಮಕ್ಕಳ ಮುಂದೆ ಅದನ್ನು ಇಟ್ಟು ನೋಡಿ, ಯಾರೂ ಮುಟ್ಟುವುದಿಲ್ಲ.

ನಮ್ಮ ಕಡೆಯ ಪ್ಯಾಷನ್ ಫ್ರೂಟ್ ಬಗ್ಗೆ ಒಂದು ಮಾತು ಹೇಳಲೇಬೇಕು. 'ಕಾವೇರಿ' ಎಂಬ ಮಿಶ್ರತಳಿ ಹುಟ್ಟಿದ್ದು ಇಲ್ಲೇ, ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ. ನೇರಳೆ ಬಣ್ಣದ ಜಾತಿಯನ್ನೂ ಹಳದಿ ಜಾತಿಯನ್ನೂ ಕೂಡಿಸಿ ಮಾಡಿದ ತಳಿ ಅದು. ಬೀಜ ಸೋಸಿ ಬಿಸಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹಣ್ಣಿನ ನಾರಿನ ಬಹುಪಾಲು ಬೀಜದಲ್ಲೇ ಇರುವುದು. ಮೆತ್ತನೆಯ ಗಂಜಿಯ ನಡುವೆ ಹಲ್ಲಿಗೆ ಕಟಕಟ ಸಿಗುವುದೂ ಚೆನ್ನ.

ಅನಾನಸ್‌ನದು ಎರಡು ತಕರಾರು. ಹುಳಿ ಇದ್ದೇ ಇದೆ. ಅದರ ಮೇಲೆ ಬ್ರೋಮೆಲಿನ್ ಎಂಬ ಕಿಣ್ವ ಬೇರೆ. ಹಸಿ ಅನಾನಸ್ ಜಾಸ್ತಿ ತಿಂದರೆ ನಾಲಿಗೆ ಉರಿಯುತ್ತದಲ್ಲ, ಅದರಲ್ಲಿ ಈ ಕಿಣ್ವದ ಕೈವಾಡವೂ ಇದೆ. ಬ್ರೋಮೆಲಿನ್ ಪ್ರೋಟೀನ್ ಅನ್ನು ತುಂಡು ಮಾಡುತ್ತದೆ. ಹಾಲಿನ ಪ್ರೋಟೀನ್ ತುಂಡಾದಾಗ ಕಹಿ ರುಚಿಯ ಚೂರುಗಳು ಹುಟ್ಟುತ್ತವೆ. ಹಾಲು ಹಾಕಿದ ಬೆಚ್ಚಗಿನ ಓಟ್ಸ್‌ಗೆ ಹಸಿ ಅನಾನಸ್ ಬೆರೆಸಿ ಅರ್ಧ ಗಂಟೆ ಬಿಟ್ಟರೆ ಗಂಜಿ ಕಹಿಯಾಗುವುದು ಹೀಗೆ. ಹಣ್ಣು ಕೆಟ್ಟಿದೆ ಎಂದು ಅಂಗಡಿಯವರನ್ನು ಬೈಯುತ್ತೇವೆ, ಪಾಪ. ಇದಕ್ಕೆ ಮದ್ದು ಸುಲಭ. ಕಿಣ್ವ ಬಿಸಿಗೆ ಸಾಯುತ್ತದೆ. ಸಣ್ಣಗೆ ಹೆಚ್ಚಿದ ಅನಾನಸ್ ಅನ್ನು ಬಾಣಲೆಯಲ್ಲಿ ಚಿಟಿಕೆ ಬೆಲ್ಲದ ಜೊತೆ ರಸ ಇಂಗುವ ತನಕ ಬಾಡಿಸಿ. ಐದಾರು ನಿಮಿಷ ಚೆನ್ನಾಗಿ ಕುದಿಯಬೇಕು. ಕಹಿಯ ಭಯ ಅಲ್ಲಿಗೆ ಹೋಯಿತು. ಹುಳಿ ಮಾತ್ರ ಹೋಗುವುದಿಲ್ಲ, ಆದ್ದರಿಂದ ಹಾಲನ್ನು ಬಿಟ್ಟು ನೀರಿನ ಓಟ್ಸ್‌ಗೇ ಬೆರೆಸಿ. ಮೇಲೆ ಒಂದು ಚಮಚ ತೆಂಗಿನ ಹಾಲು ಬಿದ್ದರೆ ತುಂಬಾ ಚೆನ್ನಾಗಿರುತ್ತದೆ.

ಪಪ್ಪಾಯದಲ್ಲೂ ಇಂಥದೇ ಕಿಣ್ವ ಇದೆ, ಹೆಸರು ಪಪೇನ್. ಕಾಯಿಯ ಹಾಲಿನಲ್ಲಿ ತುಂಬಾ, ಹಣ್ಣಾದಂತೆ ಕಡಿಮೆ. ಪೂರ್ತಿ ಮಾಗಿದ ಹಣ್ಣನ್ನು ಬಟ್ಟಲಿಗೆ ಹಾಕಿ ಆಗಲೇ ತಿಂದರೆ ತೊಂದರೆ ಇಲ್ಲ. ಹಾಲಿನಲ್ಲಿ ಕಲಸಿ ಟಿಫನ್ ಡಬ್ಬಿಗೆ ತುಂಬಿ ಕಳಿಸಬೇಡಿ, ಅಷ್ಟೇ.

ಕಿಣ್ವದ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಎಂಜಲು ಚಮಚವನ್ನು ಗಂಜಿ ಪಾತ್ರೆಗೆ ಹಾಕಬಾರದು ಎಂದು ನಮ್ಮ ಅಜ್ಜಿ ಗದರುತ್ತಿದ್ದರು. ಜೊಲ್ಲಿನಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ, ಅದು ಪಿಷ್ಟವನ್ನು ಒಡೆಯುತ್ತದೆ. ಬೆಚ್ಚಗಿನ ಓಟ್ಸ್‌ಗೆ ಎಂಜಲು ಚಮಚ ಬಿದ್ದರೆ, ಗಟ್ಟಿಯಾಗಿದ್ದ ಗಂಜಿ ಸ್ವಲ್ಪ ಹೊತ್ತಿಗೆ ನೀರು ನೀರಾಗುತ್ತದೆ. ಮಗು ಅರ್ಧ ತಿಂದು ಬಿಟ್ಟ ಬಟ್ಟಲಿನಲ್ಲಿ ನೀರು ಬಿಟ್ಟುಕೊಂಡಿರುವುದನ್ನು ನೀವೂ ನೋಡಿರಬಹುದು. ಅದು ಹಣ್ಣಿನ ತಪ್ಪಲ್ಲ.

ಇನ್ನು ಬಾಳೆಹಣ್ಣು. ಇದನ್ನು ಮಾತ್ರ ನಾನು ಶುರುವಿನಲ್ಲೇ ಹಾಕುತ್ತೇನೆ.

ಪುತ್ತರಿ ಹಬ್ಬದಲ್ಲಿ ನೆರೆಯ ಕೊಡವ ಮನೆಯಿಂದ ನಮಗೆ ತಂಬುಟ್ಟು ಬರುತ್ತದೆ. ಬಯಲುಸೀಮೆಯ ಹುರಿಗಡಲೆ ತಂಬಿಟ್ಟು ಬೇರೆ, ಇದು ಬೇರೆ. ಚೆನ್ನಾಗಿ ಮಾಗಿದ ಬಾಳೆಹಣ್ಣು ಕಿವುಚಿ, ಹುರಿದ ಅಕ್ಕಿಯ ಪುಡಿ ಬೆರೆಸಿ, ತುಪ್ಪ, ತೆಂಗಿನಕಾಯಿ ತುರಿ, ಎಳ್ಳಿನ ಜೊತೆ ತಿನ್ನುತ್ತಾರೆ. ಮಳೆಗಾಲದಲ್ಲಿ ಹಲಸಿನ ಹಣ್ಣು, ಅಕ್ಕಿ ತರಿ ಸೇರಿಸಿ ಎಲೆಯಲ್ಲಿ ಬೇಯಿಸುವ ಕೂವಲೆ ಪುಟ್ಟು ಇನ್ನೊಂದು. ಧಾನ್ಯದ ಜೊತೆ ಹಣ್ಣು ಸೇರಿಸುವುದು ಪೇಟೆಯಿಂದ ಬಂದ ಅಭ್ಯಾಸ ಅಂದುಕೊಂಡವರಿಗೆ ನಾನು ತಂಬುಟ್ಟು ತೋರಿಸುತ್ತೇನೆ. ಅದನ್ನು ಕಲಸುವ ಕೈಯನ್ನು ಗಮನಿಸಿ, ನೀರು ಮುಟ್ಟುವುದೇ ಇಲ್ಲ. ಬಾಳೆಹಣ್ಣಿನ ಮುಕ್ಕಾಲು ಪಾಲು ನೀರೇ. ಪುಡಿ ಕಲಸಲು ಅದೇ ಸಾಕಾಗುತ್ತದೆ. ಓಟ್ಸ್‌ಗೂ ಇದನ್ನೇ ನೆನಪಿಡಿ. ಒಂದು ದೊಡ್ಡ ಬಾಳೆಹಣ್ಣು ಕಿವುಚಿ ಹಾಕಿದರೆ ನೀರು ನಾಲ್ಕೈದು ಚಮಚ ಕಡಿಮೆ ಮಾಡಿ. ಅನಾನಸ್, ಪಪ್ಪಾಯ, ಕಿತ್ತಳೆಯಲ್ಲಿ 85 ಶೇಕಡಾಕ್ಕೂ ಮೇಲೆ ನೀರಿರುತ್ತದೆ. ಅವನ್ನು ಹಾಕಿದ ಮೇಲೆ ಗಂಜಿ ತೆಳ್ಳಗಾಯಿತು ಎಂದು ಮತ್ತೊಂದು ಹಿಡಿ ಓಟ್ಸ್ ಸುರಿಯುವ ಬದಲು, ಮೊದಲೇ ಗಂಜಿಯನ್ನು ಗಟ್ಟಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಬಾಳೆಹಣ್ಣನ್ನು ಬೇಯಿಸಬಹುದು ಎನ್ನುವುದಕ್ಕೆ ಕಾರಣಗಳಿವೆ. ಅದರ ಹುಳಿ ಕಡಿಮೆ. ಕಾಯಿಯಲ್ಲಿದ್ದ ಪಿಷ್ಟ ಹಣ್ಣಾಗುತ್ತಾ ಸಕ್ಕರೆಯಾಗಿರುತ್ತದೆ, ಅದು ಗಂಜಿಯಲ್ಲಿ ಪೂರ್ತಿ ಬೆರೆತರೆ ಬೇರೆ ಸಕ್ಕರೆ ಕೇಳುವುದಿಲ್ಲ. ಕೊಯ್ದ ಬಾಳೆಹಣ್ಣನ್ನು ಕಪ್ಪಾಗಿಸುವ ಕಿಣ್ವವೂ ಬಿಸಿಗೆ ಸಾಯುತ್ತದೆ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದು, ಸುಮ್ನೆ ತಿನ್ನಲು ಯಾರೂ ಎತ್ತಿಕೊಳ್ಳದ ಹಣ್ಣಿರುತ್ತದಲ್ಲ, ಅದೇ ಇದಕ್ಕೆ ಅತ್ಯುತ್ತಮ. ನಾನು ಏಲಕ್ಕಿ ಬಾಳೆ ಎರಡು ಕಿವುಚಿ ಓಟ್ಸ್ ಜೊತೆಗೇ ಇಡುತ್ತೇನೆ. ತೋಟದ ಏಲಕ್ಕಿ ಒಂದು ಜಜ್ಜಿ ಹಾಕುತ್ತೇನೆ. ಒಲೆ ಆರಿಸಿದ ಮೇಲೆ ಅರ್ಧ ಚಮಚ ತುಪ್ಪ. ತುಂಡು ತುಂಡಾಗಿ ಸಿಗಬೇಕು ಅನ್ನುವವರು ನೇಂದ್ರ ಬಾಳೆಯನ್ನು ತುಪ್ಪದಲ್ಲಿ ಸ್ವಲ್ಪ ಕೆಂಪಗೆ ಹುರಿದು ಮೇಲಿಡಿ. ಅದು ಬೇಗ ಕರಗುವುದಿಲ್ಲ.

ಒಣದ್ರಾಕ್ಷಿ, ಖರ್ಜೂರವೂ ಮೊದಲೇ ಹೋಗಬೇಕು. ನೀರು ಕುಡಿದು ಉಬ್ಬಲು ಅವಕ್ಕೆ ಸಮಯ ಬೇಕು. ಹಲಸಿನ ತೊಳೆ ಸಣ್ಣಗೆ ಹೆಚ್ಚಿದರೆ ಅದನ್ನೂ ಜೊತೆಗೇ ಬೇಯಿಸಬಹುದು.

ಬೆಣ್ಣೆಹಣ್ಣಿನ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಕಾಫಿ ತೋಟದ ನಡುವೆ ಎತ್ತರಕ್ಕೆ ಬೆಳೆದು ನಿಂತ ಬೆಣ್ಣೆಹಣ್ಣಿನ ಮರ ಕೊಡಗಿನಲ್ಲಿ ಎಲ್ಲಿ ಬೇಕಾದರೂ ಕಾಣುತ್ತದೆ. ಚೆಟ್ಟಳ್ಳಿಯ ಕೇಂದ್ರವೇ 'ಅರ್ಕಾ ಸುಪ್ರೀಂ' ಎಂಬ ತಳಿಯನ್ನೂ ಕೊಟ್ಟಿದೆ. ಒಂದು ಕಾಲಕ್ಕೆ ಮರದ ಕೆಳಗೆ ಬಿದ್ದು ಕೊಳೆಯುತ್ತಿದ್ದ ಹಣ್ಣಿಗೆ ಈಗ ಬೆಂಗಳೂರಿನಲ್ಲಿ ಒಳ್ಳೆಯ ಬೆಲೆ. ಇದರಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು, ಅದರಲ್ಲೂ ಬಹುಪಾಲು ಹೃದಯಕ್ಕೆ ಒಳ್ಳೆಯದು ಎನ್ನುವ ಬಗೆಯದು. ಸಿಹಿ ಬೇಡದವರಿಗೆ, ಬೇಗ ಹಸಿಯಬಾರದು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಹಣ್ಣು ನನಗೆ ಕಂಡಿಲ್ಲ. ಆದರೆ ಬೇಯಿಸಬಾರದು. ಬಿಸಿ ಜಾಸ್ತಿಯಾದರೆ ಬೆಣ್ಣೆಹಣ್ಣು ಕಹಿಯಾಗುತ್ತದೆ. ಬಟ್ಟಲಿಗೆ ಬಡಿಸಿ, ಬಾಯಿಗೆ ಹಿತವಾಗುವಷ್ಟು ಆರಿದ ಮೇಲೆ ಹೋಳು ಮಾಡಿ ಇಡಿ. ನಮ್ಮ ಮನೆಯವರು ಇದರ ಮೇಲೆ ಉಪ್ಪು, ಕುಟ್ಟಿದ ಕರಿಮೆಣಸು ಉದುರಿಸಿಕೊಳ್ಳುತ್ತಾರೆ. ಮೆಣಸಿನ ನಾಡಿನಲ್ಲಿ ಸಕ್ಕರೆಯ ಓಟ್ಸ್ ಮಾತ್ರ ಯಾಕೆ ತಿನ್ನಬೇಕು ಎನ್ನುವುದು ಅವರ ವಾದ. ಒಮ್ಮೆ ತಿಂದು ನೋಡಿದ ಮೇಲೆ ನಾನೂ ಅವರ ಪಕ್ಷ.

ಕೊಡಗಿನ ಕಿತ್ತಳೆಯನ್ನು ಓಟ್ಸ್‌ಗೆ ಹಾಕುವುದಾದರೆ ಮನಸ್ಸಿಟ್ಟು ಹಾಕಿ. ಭೌಗೋಳಿಕ ಸೂಚಕದ ಮಾನ್ಯತೆ ಇರುವ ಹಣ್ಣು ಇದು. ಹಿರಿಯರ ಕಾಲದಲ್ಲಿ ತೋಟಗಳಲ್ಲಿ ತುಂಬಿ ತುಳುಕುತ್ತಿತ್ತು. ಗ್ರೀನಿಂಗ್ ಮುಂತಾದ ರೋಗಗಳಿಂದ ಮರಗಳು ಒಣಗಿ ಒಣಗಿ ಈಗ ಅಪರೂಪವಾಗಿದೆ. ಅಂಥ ಹಣ್ಣನ್ನು ಕುದಿಸಿ ಕಹಿ ಮಾಡಿದರೆ ಹೊಟ್ಟೆ ಉರಿಯುತ್ತದೆ. ಕಿತ್ತಳೆ ಜಾತಿಯ ಹಣ್ಣಿನ ಪೊರೆಯಲ್ಲಿ, ಬೀಜದಲ್ಲಿ ಕಹಿಯಿಲ್ಲದ ಒಂದು ವಸ್ತು ಇರುತ್ತದೆ. ಹಣ್ಣು ಜಜ್ಜಿ ಹೋಗಿ ಅದು ಹುಳಿ ರಸದ ಜೊತೆ ಸೇರಿದಾಗ ನಿಧಾನಕ್ಕೆ ಲಿಮೋನಿನ್ ಆಗಿ ಬದಲಾಗುತ್ತದೆ. ಲಿಮೋನಿನ್ ಕಹಿ. ಬಿಸಿ ಮಾಡಿದರೆ ಈ ಬದಲಾವಣೆಗೆ ಇನ್ನೂ ಅವಸರ. ಬೆಳಿಗ್ಗೆ ಹಿಂಡಿಟ್ಟ ರಸ ಮಧ್ಯಾಹ್ನಕ್ಕೆ ಕಹಿಯಾಗುವುದೂ ಇದರಿಂದಲೇ. ತೊಳೆ ಬಿಡಿಸಿ, ಬಿಳಿ ನಾರು, ಪೊರೆ, ಬೀಜ ಎಲ್ಲ ತೆಗೆದು, ಒಳಗಿನ ತಿರುಳನ್ನಷ್ಟೇ ತಿನ್ನುವ ಹೊತ್ತಿಗೆ ಮೇಲೆ ಹಾಕಿ. ಕೆಲಸ ಜಾಸ್ತಿ, ಹೌದು. ಈ ಹಣ್ಣಿಗೆ ಅಷ್ಟು ಮಾಡಬಹುದು.

ಸೀಬೆಯನ್ನೂ ಬೇಯಿಸಬೇಡಿ. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ ಇರುತ್ತದೆ, ಕಿತ್ತಳೆಯ ಮೂರು ನಾಲ್ಕು ಪಟ್ಟು. ಬಿಸಿಗೂ ಗಾಳಿಗೂ ಅದು ಹಾಳಾಗುತ್ತದೆ. ಮೇಲಿಂದ ಹಾಕಿದರೆ ಸ್ವಲ್ಪವೇ ಹೋಗುತ್ತದೆ. ನೇರಳೆ ಹಣ್ಣು ಹಾಕಿದಾಗ ಗಂಜಿಗೆ ಬೂದು ನೀಲಿ ಬಣ್ಣ ಬಂದರೆ ಹೆದರಬೇಡಿ. ಅದರ ಬಣ್ಣ ಹುಳಿಯಲ್ಲಿ ಕೆಂಪಾಗುತ್ತದೆ, ಹಾಲಿನಲ್ಲಿ ನೀಲಿಗೆ ತಿರುಗುತ್ತದೆ. ರಾಂಬುಟಾನ್ ಸಿಪ್ಪೆ ಸುಲಿದು ಹಾಗೇ ತಿಂದುಬಿಡಿ, ಅದಕ್ಕೆ ಓಟ್ಸ್ ಬೇಡ.

ಸಕ್ಕರೆ ಕಾಯಿಲೆ ಇರುವವರು ಹಣ್ಣು ಹಾಕಬಹುದಾ ಎಂದು ಕೇಳುತ್ತಾರೆ. ಇಡೀ ಹಣ್ಣಿನ ಸಕ್ಕರೆ ನಾರಿನ ಗೋಡೆಗಳ ಒಳಗೆ ಕೂತಿರುತ್ತದೆ, ನಿಧಾನವಾಗಿ ಹೊರಬರುತ್ತದೆ. ರಸ ಹಿಂಡಿದಾಗ ಆ ಗೋಡೆ ಒಡೆದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿಕೊಳ್ಳಿ ಎಂದು ಹೇಳುವ ಸಕ್ಕರೆಯ ಪಟ್ಟಿಯಲ್ಲಿ ಜೇನೂ ಇದೆ, ಹಣ್ಣಿನ ರಸವೂ ಇದೆ, ಇಡೀ ಹಣ್ಣು ಇಲ್ಲ. ಕಿವುಚಿ ಬೇಯಿಸಿದ ಬಾಳೆಹಣ್ಣು ಇವೆರಡರ ನಡುವೆ ಬರುತ್ತದೆ. ಹಾಗಾಗಿ ಅತ್ತೆಯ ಬಟ್ಟಲಿಗೆ ನಾನು ಬಾಳೆಹಣ್ಣು ಹಾಕುವುದಿಲ್ಲ, ಸೀಬೆಯೋ ಬೆಣ್ಣೆಹಣ್ಣೋ ಹಾಕುತ್ತೇನೆ. ಎಷ್ಟು ಹಾಕಬೇಕು ಎನ್ನುವುದನ್ನು ಅವರ ವೈದ್ಯರನ್ನೇ ಕೇಳಿದ್ದೇವೆ. ಕಿಡ್ನಿ ತೊಂದರೆ ಇರುವವರೂ ಕೇಳಲೇಬೇಕು. ಬಾಳೆಹಣ್ಣು, ಬೆಣ್ಣೆಹಣ್ಣು ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಕೊಡಗಿನ ಜೇನು ಎಷ್ಟೇ ಒಳ್ಳೆಯದಾದರೂ ಒಂದು ವರ್ಷ ತುಂಬದ ಮಗುವಿನ ಗಂಜಿಗೆ ಅದು ಬೇಡವೇ ಬೇಡ.

ಉಳಿದ ಗಂಜಿ ಆರಿದ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಉಬ್ಬಿದ ಪಿಷ್ಟ ಮತ್ತೆ ಒತ್ತಾಗಿ ಕೂರುವುದರಿಂದ ಹೀಗೆ. ಸ್ವಲ್ಪ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿದರೆ ಸಡಿಲವಾಗುತ್ತದೆ. ಬಾಳೆಹಣ್ಣು, ಖರ್ಜೂರ ಹಾಕಿದ್ದರೆ ಹಾಗೇ ಬಿಸಿ ಮಾಡಿ. ಹಾಲು, ಹುಳಿ ಹಣ್ಣು ಎರಡೂ ಬಿದ್ದಿದ್ದರೆ ಮತ್ತೆ ಒಲೆಗಿಡಬೇಡಿ, ಬೆಳಿಗ್ಗೆ ಒಡೆಯದ ಹಾಲು ಆಗ ಒಡೆಯುತ್ತದೆ. ಬೆಣ್ಣೆಹಣ್ಣಿನ ಹೋಳು ಉಳಿದಿದ್ದರೆ ಮೊದಲು ಅದನ್ನು ತೆಗೆದು ತಿಂದುಬಿಡಿ, ಆಮೇಲೆ ಪಾತ್ರೆ ಒಲೆ ಮೇಲಿಡಿ.